ಮಗಳಿಗೆ ಹ್ಯಾಮ್ ರೇಡಿಯೋ ಹುಚ್ಚು, ಎಲ್ಲಿಂದ ಶುರು ಮಾಡಲಿ?

ಕೇಳಿದವರು, ಹಾಸನ:
ಮಗಳು ಎಂಟನೇ ಕ್ಲಾಸು. ಶಾಲೆಗೆ ಯಾರೋ ಬಂದು ಹ್ಯಾಮ್ ರೇಡಿಯೋ (ಹವ್ಯಾಸಕ್ಕೆ ದೂರದವರ ಜೊತೆ ಮಾತಾಡುವ ರೇಡಿಯೋ) ತೋರಿಸಿ ಹೋದಾಗಿನಿಂದ ಅವಳಿಗೆ ಅದೇ ಜಪ. ಆನ್‌ಲೈನ್‌ನಲ್ಲಿ ಕಡಿಮೆ ದುಡ್ಡಿಗೆ ಹ್ಯಾಂಡ್‌ಸೆಟ್ ಕಂಡೆ. ಕೊಡಿಸಿಬಿಡಲಾ? ನಮ್ಮನೆಯಲ್ಲಿ ಯಾರಿಗೂ ಇದರ ಗಂಧಗಾಳಿ ಇಲ್ಲ.

ತುಮಕೂರಿನಿಂದ:
ಈಗಲೇ ಬೇಡ ಮೇಡಂ. ಮಾತಾಡುವುದು ಹಾಗಿರಲಿ, ಲೈಸೆನ್ಸ್ ಇಲ್ಲದೆ ಸೆಟ್ ಇಟ್ಟುಕೊಳ್ಳುವುದೂ ತಪ್ಪು. ಮೊದಲು ಪರೀಕ್ಷೆ. 12 ವರ್ಷ ತುಂಬಿದ್ದರೆ ಸಾಕು. ಕೇಂದ್ರ ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ನಾನು ಬರೆದಿದ್ದು ಬೆಂಗಳೂರಿನಲ್ಲಿ. ಲೈಸೆನ್ಸ್‌ನಲ್ಲಿ ರಿಸ್ಟ್ರಿಕ್ಟೆಡ್ ಗ್ರೇಡ್ ತಗೊಳ್ಳಲಿ, ಅದಕ್ಕೆ ಮೋರ್ಸ್ (ಕಟ್ಟ-ಕಡ ಸಂಕೇತ) ಪರೀಕ್ಷೆ ಇಲ್ಲ. ಪಾಸಾದರೆ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಅವಳ ಗುರುತಿನ ಹೆಸರು, ವಿಯು3 ಅಂತ ಶುರುವಾಗುತ್ತದೆ. ಪ್ರಶ್ನೆಗಳು ಎರಡು ಭಾಗ: ರೇಡಿಯೋ ಥಿಯರಿ, ನಿಯಮಗಳು. ಎಲೆಕ್ಟ್ರಾನಿಕ್ಸ್ ಓದಿದವನು ಅನ್ನೋ ಧಿಮಾಕಿನಲ್ಲಿ ಹೋದ ನಾನು ನಿಯಮಗಳಲ್ಲಿ ಫೇಲಾಗಿ ಇನ್ನೊಮ್ಮೆ ಬರೆದೆ.

ಶಿರಸಿಯಿಂದ:
ಹ್ಯಾಂಡ್‌ಸೆಟ್ ವಿಷಯದಲ್ಲಿ ನಾನೂ ಮೋಸ ಹೋದವನೇ. ಲೈಸೆನ್ಸ್ ಬಂದ ಖುಷಿಗೆ ತಗೊಂಡೆ. 5 ವಾಟ್, 2 ಮೀಟರ್ ಬ್ಯಾಂಡ್ (ಮೀಟರ್ ಅಂದರೆ ರೇಡಿಯೋ ಅಲೆಯ ಉದ್ದ). ಆ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ಹತ್ತಿರದಲ್ಲಿ ರಿಪೀಟರ್ (ಎತ್ತರದಲ್ಲಿದ್ದು ನಮ್ಮ ಮಾತನ್ನು ಮರುಪ್ರಸಾರ ಮಾಡುವ ಕೇಂದ್ರ) ಇದ್ದರೆ ಸರಿ. ನಮ್ಮ ಕಣಿವೆಯಲ್ಲಿ ತಿಂಗಳುಗಟ್ಟಲೆ ಬರೀ ಕೊರಕೊರ.

ರುಚಿ ಹತ್ತಿದ್ದು 40 ಮೀಟರ್ ಬ್ಯಾಂಡ್‌ಗೆ ಬಂದ ಮೇಲೆ. 7 ಮೆಗಾಹರ್ಟ್ಸ್ ಅಲೆ ಮೇಲೆ ಹೋಗಿ ಅಯಾನುಗೋಳಕ್ಕೆ (ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರ) ಬಡಿದು ಕೆಳಗೆ ಬರುತ್ತದೆ, ಗುಡ್ಡದ ಹಂಗಿಲ್ಲ. ಹಳೇ ಸೆಟ್ ಒಂದನ್ನು ಹಿರಿಯ ಹ್ಯಾಮ್ ಒಬ್ಬರಿಂದ ಕೊಂಡೆ. ಆಂಟೆನಾಗೆ ಖರ್ಚೇ ಇಲ್ಲ ಅನ್ನಿ: ತಾಮ್ರದ ತಂತಿ, ಒಂದೊಂದು ಕಡೆ 10 ಮೀಟರ್, ನಡುವೆ ಕೇಬಲ್. ಎರಡು ಅಡಿಕೆ ಮರಕ್ಕೆ ಕಟ್ಟಿದೆ. ಸ್ವಲ್ಪ ಉದ್ದವಾಗಿಯೇ ಇಟ್ಟು, ಎಸ್‌ಡಬ್ಲ್ಯೂಆರ್ ಮೀಟರ್ (ಆಂಟೆನಾ ಸೆಟ್‌ಗೆ ಎಷ್ಟು ಹೊಂದಿದೆ ಅಂತ ತೋರಿಸುವ ಉಪಕರಣ) ನೋಡುತ್ತಾ ಕತ್ತರಿಸುತ್ತಾ ಬರಬೇಕು. ನಾನು ಮೊದಲೇ ಗಿಡ್ಡ ಮಾಡಿ ಮತ್ತೆ ತಂತಿ ಬೆಸೆದೆ! ಬಿಗಿಯಾಗಿಯೂ ಕಟ್ಟಬೇಡಿ. ಅಡಿಕೆ ಮರ ಗಾಳಿಗೆ ತೂಗುತ್ತದಲ್ವಾ, ಮೊದಲ ಮಳೆಗಾಲದಲ್ಲೇ ನನ್ನದು ಹರಿಯಿತು. ಗುಡುಗು ಶುರುವಾಗುವ ಮುಂಚೆಯೇ ಕೇಬಲ್ ಬಿಚ್ಚಿ ಹೊರಗಿಡಿ.

ಈಗ ಬೆಳಗಿನ ಕಾಫಿ ಹೊತ್ತಿಗೆ ದಕ್ಷಿಣ ಭಾರತದ ಸುಮಾರು ಜನ ಸಿಗುತ್ತಾರೆ. ವ್ಯಾಪಾರದ ಮಾತಾಡುವ ಹಾಗಿಲ್ಲ, ಹಾಗಾಗಿ ಅಡಿಕೆ ಮಾರೋ ವಿಷಯ ಬಂದರೆ ಬಾಯಿಗೆ ಬೀಗ.

ಮೈಸೂರಿನಿಂದ:
ಲೈಸೆನ್ಸ್ ಬರುವ ತನಕ ಸುಮ್ನೆ ಕೂರಬೇಕಿಲ್ಲ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ಅನ್ನೋ ವೆಬ್‌ಸೈಟ್ ಇದೆ. ಅಲ್ಲಿನ ರಿಸೀವರನ್ನು ಬ್ರೌಸರಿನಲ್ಲೇ ತಿರುಗಿಸಿ ಕೇಳಬಹುದು, ಪುಕ್ಕಟೆ. 7 ಮೆಗಾಹರ್ಟ್ಸ್‌ಗೆ ಹೋಗಿ ಎಲ್‌ಎಸ್‌ಬಿ (ಆ ಬ್ಯಾಂಡ್‌ನಲ್ಲಿ ಮಾತು ಕೇಳುವ ಮೋಡ್) ಒತ್ತಲಿ, ಇಲ್ಲದಿದ್ದರೆ ಬಾತುಕೋಳಿ ಮಾತಾಡಿದ ಹಾಗೆ ಕೇಳುತ್ತದೆ.

ಇನ್ನೊಂದು, ಮೈಕ್ ಹಿಡಿದಾಗ ನಾಲಿಗೆ ಕಟ್ಟಿಹೋಗುವುದು. ನನಗೆ ನನ್ನ ಕಾಲ್‌ಸೈನೇ ಮರೆತಿತ್ತು! ರಸ್ತೆಯಲ್ಲಿ ಗಾಡಿ ನಂಬರ್ ಓದಿಸಿ, ಒಂದೊಂದು ಅಕ್ಷರಕ್ಕೂ ರೇಡಿಯೋದವರು ಬಳಸುವ ಪದ ಹೇಳಿಸಿ. ನಿಮ್ಮೂರಿನ ಕೆಎ 13 ಆದರೆ ಕಿಲೋ, ಆಲ್ಫಾ, ಒನ್, ಥ್ರೀ. ವಾರದಲ್ಲಿ ಪಳಗುತ್ತಾಳೆ.

ಕೇಳಿದವರು, ಹಾಸನ:
ಎಲ್ಲರಿಗೂ ಥ್ಯಾಂಕ್ಸ್. ಹ್ಯಾಂಡ್‌ಸೆಟ್ ಕೈಬಿಟ್ಟೆ. ಹಿತ್ತಲಲ್ಲಿ ಎರಡು ತೆಂಗಿನ ಮರ ಇವೆ, ಮಗಳು ಆಗಲೇ ಟೇಪ್ ಹಿಡಿದು ಅಳೆದಳು. 17 ಮೀಟರ್. ಸಾಲುವುದಿಲ್ಲ ಅಲ್ವಾ?

ಶಿರಸಿಯಿಂದ:
ಸಾಲುತ್ತದೆ. ತಂತಿಯ ಎರಡೂ ತುದಿಯನ್ನು ಒಂದೂವರೆ ಮೀಟರ್ ಕೆಳಕ್ಕೆ ಇಳಿಬಿಡಿ. ಯಾರ ಕೈಗೂ ಎಟುಕಬಾರದು, ಮಾತಾಡುವಾಗ ತುದಿಯಲ್ಲೇ ವೋಲ್ಟೇಜ್ ಜಾಸ್ತಿ.