ಯುದ್ಧಕಾಲದ ತೇಪೆ ನಿಜಕ್ಕೂ ಅಗತ್ಯವಿತ್ತಾ? ಚಿತ್ರಗಳಲ್ಲಿ ಬಂದಿದೆಯಾ?

ಸೂಜಿದಾರ:
ಎರಡನೇ ಮಹಾಯುದ್ಧದ ಬ್ರಿಟನ್ನಿನ 'ಮೇಕ್ ಡೂ ಅಂಡ್ ಮೆಂಡ್' (ಇರೋದ್ರಲ್ಲೇ ಸುಧಾರಿಸಿ, ಹರಿದದ್ದನ್ನು ರಿಪೇರಿ ಮಾಡಿ) ಪೋಸ್ಟರ್‌ಗಳನ್ನು ನೋಡುತ್ತಿದ್ದೆ. ಮಿಸೆಸ್ ಸೋ-ಅಂಡ್-ಸೋ ಅನ್ನುವ ಬೊಂಬೆ ಖುಷಿಯಾಗಿ ನಿಂತಿದೆ. ಅಷ್ಟೊಂದು ತೇಪೆ ಹಾಕುವ ಅಗತ್ಯ ನಿಜವಾಗಿ ಇತ್ತಾ, ಇಲ್ಲ ಸರ್ಕಾರ ಸುಮ್ನೆ ಜನರನ್ನು ಹುರಿದುಂಬಿಸೋಕೆ ಮಾಡಿದ್ದಾ? ಈ ಕೆಲಸವನ್ನು ಕಲಾವಿದರು ಯಾರಾದರೂ ಚಿತ್ರ ಬರೆದಿದ್ದಾರಾ?

ಹಳೇಕೋಟು:
ಖಂಡಿತ ಇತ್ತು. 1941ರ ಜೂನ್ 1ಕ್ಕೆ ಬಟ್ಟೆಗೂ ರೇಷನ್ ಬಂತು. ದುಡ್ಡಿದ್ದರೆ ಸಾಲದು, ಕೂಪನ್ನೂ ಬೇಕು. ದೊಡ್ಡವರಿಗೆ ಮೊದಲ ವರ್ಷಕ್ಕೆ 66 ಕೂಪನ್. ಒಂದು ಉಣ್ಣೆ ಫ್ರಾಕಿಗೇ 11 ಹೋಗುತ್ತಿತ್ತು, ಗಂಡಸರ ಒಂದು ಜೊತೆ ಶೂಗೆ 7. ಆಮೇಲೆ ಆ 66 ಕೂಡ ಇಳಿಯುತ್ತಾ ಹೋಯಿತು, ಯಾಕೆಂದರೆ ಕಾರ್ಖಾನೆ, ಕೆಲಸಗಾರರು, ಹಡಗು ಎಲ್ಲವೂ ಯುದ್ಧಕ್ಕೆ ಬೇಕಿತ್ತು. ಹೊಲಿಗೆ ದಾರಕ್ಕೆ, ರಫು ಉಣ್ಣೆಗೆ ಮಾತ್ರ ಕೂಪನ್ ಕೇಳುತ್ತಿರಲಿಲ್ಲ. ಯುದ್ಧ ಮುಗಿದರೂ ಬಟ್ಟೆ ರೇಷನ್ ಹೋಗಿದ್ದು 1949ರ ಮಾರ್ಚಿನಲ್ಲಿ. ಆ ಪೋಸ್ಟರಿನ ಖುಷಿ ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದ ಹೆಂಗಸೇ ರಾತ್ರಿ ಸೂಜಿ ಹಿಡಿಯಬೇಕಿತ್ತಲ್ಲ!

ಎಳೆಎಳೆ:
ಅದು ಸುಲಭದ ಕೆಲಸವೂ ಅಲ್ಲ. ಸಾಕ್ಸ್ ರಫು ಮಾಡೋದನ್ನೇ ತಗೊಳ್ಳಿ. ಅಣಬೆಯಾಕಾರದ ಮರದ ತುಂಡನ್ನು ಒಳಗಿಟ್ಟು, ತೂತನ್ನು ಅದರ ಮೇಲೆ ಹರಡಿಕೊಳ್ಳಬೇಕು. ತೂತಿನ ಅಂಚಿಗೇ ಸೂಜಿ ಹಾಕಿದರೆ ನಿಲ್ಲಲ್ಲ, ಇನ್ನೂ ಗಟ್ಟಿಯಾಗಿರುವ ಜಾಗದಿಂದ ಶುರು ಮಾಡಬೇಕು. ಮೊದಲು ಒಂದೇ ದಿಕ್ಕಿಗೆ ಎಳೆ ಹಾಸಿ, ಆಮೇಲೆ ಅಡ್ಡಕ್ಕೆ ಒಂದರ ಮೇಲೆ, ಒಂದರ ಕೆಳಗೆ ಹೊಗಿಸುತ್ತಾ ಹೋಗಬೇಕು. ಪ್ರತಿ ತಿರುವಿನಲ್ಲೂ ದಾರವನ್ನು ಚೂರು ಸಡಿಲ ಬಿಡಬೇಕು, ಇಲ್ಲದಿದ್ದರೆ ಒಗೆದಾಗ ಉಣ್ಣೆ ಕುಗ್ಗಿ ಪಕ್ಕದ ಜಾಗ ಹರಿಯುತ್ತದೆ. ಬೆಡ್‌ಶೀಟ್ ನಡುವೆ ಸವೆದರೆ ಉದ್ದಕ್ಕೆ ಎರಡು ಸೀಳಿ, ಗಟ್ಟಿ ಇರುವ ಅಂಚುಗಳನ್ನು ನಡುವೆ ತಂದು ಸೇರಿಸಿ ಹೊಲಿಯುತ್ತಿದ್ದರು.

ಕುಂಚ:
ಚಿತ್ರ ಇದೆ. ಫ್ರಾನ್ಸಿನ ಚಿತ್ರಕಾರ ಪಿಸಾರೊ 1895ರಲ್ಲೇ 'ವುಮನ್ ಮೆಂಡಿಂಗ್' (ಬಟ್ಟೆ ರಿಪೇರಿ ಮಾಡುವ ಹೆಂಗಸು) ಬರೆದಿದ್ದಾರೆ, ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಯುದ್ಧಕಾಲದ್ದೇ ಬೇಕೆಂದರೆ ಬ್ರಿಟನ್ನಿನ ಚಿತ್ರಕಲಾವಿದೆ ಈವ್ಲಿನ್ ಡನ್‌ಬಾರ್ ಅವರ 'ಎ ನಿಟಿಂಗ್ ಪಾರ್ಟಿ' (1940) ನೋಡಿ. ಅದು ತೇಪೆಯಲ್ಲ, ಸೈನಿಕರಿಗೆ ಹೆಣಿಗೆ ಹಾಕುವ ಹೆಂಗಸರ ಗುಂಪು. ಆದರೆ ನನಗೆ ಜಾಸ್ತಿ ಇಷ್ಟ ಶಿಲ್ಪಿ ಲೂಯಿಸ್ ಬೂರ್ಜ್ವಾ. ಅವರ ಮನೆಯವರು ಫ್ರಾನ್ಸಿನಲ್ಲಿ ಹಳೆಯ ಟೇಪೆಸ್ಟ್ರಿಗಳನ್ನು (ಚಿತ್ರ ನೇಯ್ದ, ಗೋಡೆಗೆ ತೂಗುವ ಬಟ್ಟೆ) ರಿಪೇರಿ ಮಾಡುತ್ತಿದ್ದರು. ಹರಿದುಹೋದ ಭಾಗದಲ್ಲಿ ಏನಿತ್ತು ಅಂತ ಚಿಕ್ಕ ಹುಡುಗಿಯಾಗಿದ್ದ ಲೂಯಿಸ್ ಚಿತ್ರ ಬರೆದುಕೊಡುತ್ತಿದ್ದರು. ವಯಸ್ಸಾದ ಮೇಲೆ ತಮ್ಮ ಹಳೆಯ ಬಟ್ಟೆಗಳನ್ನೇ ಹೊಲಿದು ಶಿಲ್ಪ ಮಾಡಿದರು. ಹೊಲಿಗೆಯನ್ನು ಮುಚ್ಚಿಡಲಿಲ್ಲ, ದಪ್ಪವಾಗಿ ಕಾಣುವ ಹಾಗೇ ಬಿಟ್ಟರು.

ಸೂಜಿದಾರ:
ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಮಾಡುವವರಿಗೆ ಉಲ್ಟಾ ಅಲ್ವಾ, ಹೊಲಿಗೆ ಕಾಣಬಾರದು ಅಂತಲೇ ಆಸೆ? ಅದೇ ಬಣ್ಣದ ದಾರ ಸಿಗದಿದ್ದರೆ ಏನು ಮಾಡೋದು?

ಎಳೆಎಳೆ:
ಅದೇ ಬಟ್ಟೆಯ ಒಳಮಡಿಕೆ ಬಿಚ್ಚಿ, ಅಲ್ಲಿಂದ ಎಳೆ ಕಿತ್ತುಕೊಂಡು ರಫು ಮಾಡೋದು. ಬಣ್ಣವೂ ಹೊಂದುತ್ತದೆ, ದಪ್ಪವೂ ಹೊಂದುತ್ತದೆ.