ಬಾರಿಸುವವರೇ ದುಡ್ಡು ಕೊಡಬೇಕಂತೆ

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಅಂದರು ರಾಯರು. "ಹುಡುಗ ಬೇಸಿಗೆಯೆಲ್ಲ ಬಿಸಿಲಲ್ಲಿ ನಿಂತು ಟ್ಯೂಬಾ ಊದ್ತಾನೆ. ರಾತ್ರಿ ಯಾವುದೋ ಸ್ಕೂಲಿನ ಜಿಮ್ ನೆಲದ ಮೇಲೆ ಮಲಗ್ತಾನೆ. ಇಷ್ಟಕ್ಕೆಲ್ಲ ಅವನಿಗೆ ಎಷ್ಟು ಕೊಡ್ತಾರೆ?"

"ಅವರು ಕೊಡಲ್ಲ ರಾಯರೇ. ನಾವು ಕೊಡ್ಬೇಕು. ಐದು ಸಾವಿರ ಡಾಲರ್," ಅಂದ ಸ್ವಾಮಿ.

ರಾಯರ ಬೋಂಡಾ ಚಟ್ನಿಯೊಳಗೇ ನಿಂತುಬಿಟ್ಟಿತು.

ರಾಯರು ಬೆಂಗಳೂರಿನಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಈಗ ಇಂಡಿಯಾನಾಪೊಲಿಸ್‌ನಲ್ಲಿ ಮಗಳ ಮನೆಗೆ ಬಂದಿದ್ದಾರೆ. ಸರ್ವೀಸ್ ಪೂರ್ತಿ ಬೇರೆಯವರ ಸಾಲದ ಅರ್ಜಿಯಲ್ಲಿ ಹುಳುಕು ಹುಡುಕಿದವರು. ಅಮೆರಿಕಕ್ಕೆ ಬಂದಮೇಲೆ ಹುಡುಕೋಕೆ ಅರ್ಜಿ ಸಿಗದೆ ಒದ್ದಾಡುತ್ತಿದ್ದರು. ಸ್ವಾಮಿಯ ಮಗ ಡ್ರಮ್ ಅಂಡ್ ಬ್ಯೂಗಲ್ ಕೋರ್ ಸೇರಿದ ಸುದ್ದಿ ಅವರಿಗೆ ಹಬ್ಬವಾಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಾಲೇಜು ಬ್ಯಾಂಡ್ ಅಲ್ಲ. ಮುಖ್ಯವಾಗಿ ಹಿತ್ತಾಳೆ ತುತ್ತೂರಿ, ಡ್ರಮ್ಮು, ಬಾವುಟ. ನೂರೈವತ್ತು, ನೂರರವತ್ತು ಹುಡುಗ ಹುಡುಗಿಯರು ಫುಟ್ಬಾಲ್ ಮೈದಾನದಲ್ಲಿ ಓಡಾಡುತ್ತಾ ಹತ್ತು ಹನ್ನೆರಡು ನಿಮಿಷದ ಒಂದೇ ಪ್ರದರ್ಶನ ಕೊಡುತ್ತಾರೆ. ಇಪ್ಪತ್ತೆರಡು ತುಂಬುವ ಹೊತ್ತಿಗೆ ನಿವೃತ್ತಿ. ಮೇ ತಿಂಗಳಲ್ಲಿ ತಾಲೀಮು ಶುರು, ಜೂನ್ ಕೊನೆಯಿಂದ ಊರೂರು ಸುತ್ತಾಟ, ಆಗಸ್ಟ್‌ನಲ್ಲಿ ಫೈನಲ್. ಇದನ್ನು ನಡೆಸೋದು ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಅಂದರೆ ಡಿಸಿಐ. ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಆಯಿತು. 2009ರಿಂದ ಫೈನಲ್ ಇರೋದು ನಮ್ಮ ಊರಿನ ಲ್ಯೂಕಾಸ್ ಆಯಿಲ್ ಸ್ಟೇಡಿಯಂನಲ್ಲಿ.

"ನಮ್ಮ ಕಡೆ ಯಕ್ಷಗಾನ ಮೇಳ ಊರೂರು ತಿರುಗುತ್ತೆ," ಅಂದರು ರಾಯರು. "ಹರಕೆ ಹೊತ್ತವರು ಆಟ ಆಡಿಸ್ತಾರೆ. ವೇಷ ಕಟ್ಟಿದವನಿಗೆ ಸಂಬಳ ಇದೆ, ಊಟ ಇದೆ. ವೇಷಧಾರಿಯೇ ಯಜಮಾನನಿಗೆ ದುಡ್ಡು ಕೊಟ್ಟು ಕುಣಿಯೋದು ನಾನು ಕಾಣೆ!"

"ಇಲ್ಲೂ ಊಟ ಇದೆ ರಾಯರೇ," ಅಂದರು ಅತ್ತಿಗೆ. ಸ್ವಾಮಿಯ ಹೆಂಡತಿ. ರಜೆ ಹಾಕಿ ಕೋರ್‌ನ ಅಡುಗೆ ಟ್ರಕ್‌ನಲ್ಲಿ ಸ್ವಯಂಸೇವೆ ಮಾಡಿ ಬಂದಿದ್ದಾರೆ. ಕೈಯಲ್ಲಿ ಸುಟ್ಟ ಗಾಯದ ಗುರುತು ಇನ್ನೂ ಇದೆ. "ದಿನಕ್ಕೆ ನಾಲ್ಕು ಹೊತ್ತು. ನಾಲ್ಕನೆಯದು ರಾತ್ರಿ ಶೋ ಮುಗಿದ ಮೇಲೆ, ಪಾರ್ಕಿಂಗ್ ಲಾಟ್‌ನಲ್ಲಿ."

ರಾಯರು ಪೇಪರ್ ಟವೆಲ್ ಹರಿದುಕೊಂಡು ಪೆನ್ ತೆಗೆದರು. "ಹೇಳಿ. ಎಷ್ಟು ಜನ?"

"ಆಡುವವರು 165 ಅಂತ ಇಟ್ಕೊಳ್ಳಿ. ಕಲಿಸುವವರು, ಡ್ರೈವರು, ನಮ್ಮಂಥ ಅಡುಗೆಯವರು ಸೇರಿ ಇನ್ನೊಂದು 60."

"225. ನಾಲ್ಕು ಹೊತ್ತು ಅಂದರೆ ದಿನಕ್ಕೆ 900 ತಟ್ಟೆ. ತಟ್ಟೆಗೆ ಮೂರು ಡಾಲರ್ ಅಂದ್ರೂ 2,700. ಎಪ್ಪತ್ತೈದು ದಿನ..." ರಾಯರು ತುಟಿ ಅಲ್ಲಾಡಿಸಿದರು. ಅವರಿಗೆ ಕ್ಯಾಲ್ಕುಲೇಟರ್ ಅವಮಾನ. "ಎರಡು ಲಕ್ಷ ಡಾಲರ್ ದಾಟಿತಲ್ಲಮ್ಮಾ! ಮೂರು ಡಾಲರ್‌ಗೆ ಏನು ಬಡಿಸ್ತೀರಿ?"

"ಅದೇ ತಾಪತ್ರಯ. ಬೆಳಗ್ಗೆಯಿಂದ ಬಿಸಿಲಲ್ಲಿ ಡ್ರಮ್ ಹೊತ್ತ ಹುಡುಗನಿಗೆ ಎಷ್ಟು ಬಡಿಸಿದರೂ ಸಾಲಲ್ಲ. ಒಂದು ದಿನ ನಾನು ಚಿತ್ರಾನ್ನ ಮಾಡೋಣ ಅಂದೆ. ಹತ್ತು ಡಾಲರ್ ನಿಂಬೆಹಣ್ಣಿನಲ್ಲಿ ಊಟ ಮುಗೀತಿತ್ತು. ಹುಡುಗರಿಗೆ ಪ್ರೋಟೀನ್ ಬೇಕು ಅಂತ ಬೇಡ ಅಂದ್ರು."

"ಪಕ್ಕದಲ್ಲಿ ಕೋಸಂಬರಿ ಇಡ್ಬೇಕಿತ್ತು," ಅಂದೆ ನಾನು. ಅತ್ತಿಗೆ ನನ್ನ ಕಡೆ ನೋಡಲಿಲ್ಲ.

ರಾಯರು ಅಷ್ಟರಲ್ಲಿ ಸಾರಿಗೆ ಇಲಾಖೆಗೆ ಹೋಗಿದ್ದರು. ಬಸ್ಸು, ವಾದ್ಯ ಹೊರುವ ದೊಡ್ಡ ಟ್ರಕ್ಕು, ಅಡುಗೆ ಟ್ರಕ್ಕು, ಎಲ್ಲ ಸೇರಿ ಎಂಟು ದೊಡ್ಡ ಗಾಡಿ ಅಂತ ಹಿಡಿದೆವು. ಬೇಸಿಗೆಯಲ್ಲಿ ಎಂಟು ಸಾವಿರ ಮೈಲಿ. ಗ್ಯಾಲನ್ನಿಗೆ ಆರು ಮೈಲಿ.

"ಆರೇ?"

"ಆರೇ."

"ಒಂದು ಗಾಡಿಗೆ 1,333 ಗ್ಯಾಲನ್. ಎಂಟಕ್ಕೆ ಹತ್ತು ಸಾವಿರದ ಆರುನೂರು ಚಿಲ್ಲರೆ. ಅಂದ್ರೆ ಡೀಸೆಲ್ ಗ್ಯಾಲನ್ನಿಗೆ ಒಂದೇ ಒಂದು ಡಾಲರ್ ಏರಿದರೆ, ಹತ್ತು ಸಾವಿರ ಡಾಲರ್ ಸುಮ್ನೆ ಹೊಗೆ!"

ಏರಿದ್ದೂ ಉಂಟು. 2008ರ ಬೇಸಿಗೆಯಲ್ಲಿ ಇಲ್ಲಿ ಡೀಸೆಲ್ ನಾಲ್ಕು ಡಾಲರ್ ದಾಟಿತ್ತು. 2022ರ ಜೂನ್‌ನಲ್ಲಿ ಐದೂವರೆಯನ್ನೂ ದಾಟಿತು. ಫೀಸು ಎಷ್ಟು ಅಂತ ಹಿಂದಿನ ಚಳಿಗಾಲದಲ್ಲೇ ಹೇಳಿಬಿಟ್ಟಿರುತ್ತಾರೆ. ಡೀಸೆಲ್ ಏರಿತು ಅಂತ ಜುಲೈನಲ್ಲಿ ಅರ್ಧ ದಾರಿಯಲ್ಲಿ ಹುಡುಗರ ಹತ್ತಿರ ಮತ್ತೆ ಕೈಚಾಚೋಕೆ ಆಗುತ್ತಾ? ಬಸ್ ಡ್ರೈವರ್ ವಿಷಯದಲ್ಲಿ ಕಾನೂನು ಬೇರೆ ಇದೆ. ಹತ್ತು ಗಂಟೆಗಿಂತ ಜಾಸ್ತಿ ಓಡಿಸೋ ಹಾಗಿಲ್ಲ, ಆಮೇಲೆ ಎಂಟು ಗಂಟೆ ಬಿಡುವು ಕೊಡಬೇಕು. ರಾತ್ರಿ ಹನ್ನೊಂದಕ್ಕೆ ಒಂದು ಊರು ಬಿಟ್ಟು ಬೆಳಗ್ಗೆ ಇನ್ನೊಂದು ರಾಜ್ಯದಲ್ಲಿ ಇಳಿಯಬೇಕಾದರೆ ಕೆಲವು ಸಲ ಇನ್ನೊಬ್ಬ ಡ್ರೈವರ್‌ಗೂ ಕೂಲಿ. ಮಲಗೋಕೆ ಕೊಟ್ಟ ಸ್ಕೂಲಿಗೂ ಎಷ್ಟೋ ಕಡೆ ಬಾಡಿಗೆ ಕಟ್ಟಬೇಕು.

"ಸರಿ, ಆದಾಯದ ಕಡೆ ಬನ್ನಿ. ಐದು ಸಾವಿರ ಇಂಟು 165, ಎಂಟು ಲಕ್ಷ ಇಪ್ಪತ್ತೈದು ಸಾವಿರ. ಚೆನ್ನಾಗೇ ಇದೆಯಲ್ಲ?"

"ದೊಡ್ಡ ಕೋರ್‌ಗಳ ವರ್ಷದ ಖರ್ಚು ಹತ್ತು ಲಕ್ಷ ಡಾಲರ್ ದಾಟುತ್ತೆ," ಅಂದ ಸ್ವಾಮಿ. "ಉಳಿದದ್ದು ಶೋಗಳಿಂದ ಬರೋ ಪಾಲು, ಟೀ ಶರ್ಟ್ ಮಾರಾಟ, ಹಳೆಯ ವಿದ್ಯಾರ್ಥಿಗಳ ದೇಣಿಗೆ. ಮತ್ತೆ ಬಿಂಗೋ."

"ಬಿಂಗೋ? ಕ್ಲಬ್ಬಲ್ಲಿ ಆಡ್ತೀವಲ್ಲ, ತಂಬೋಲ, ಅದಾ?"

ಅದೇ. ಇದು ನನಗೆ ಬಹಳ ಇಷ್ಟವಾದ ಅಧ್ಯಾಯ, ಹಾಗಾಗಿ ನಾನೇ ಹೇಳಿದೆ. ಕ್ಯಾಲಿಫೋರ್ನಿಯಾದ ಕಾನ್ಕಾರ್ಡ್‌ನ ಬ್ಲೂ ಡೆವಿಲ್ಸ್ ಅಂದರೆ ಈ ಲೋಕದಲ್ಲಿ ಅತಿ ಹೆಚ್ಚು ಸಲ ಗೆದ್ದವರು. ಅವರೂ ಬಿಂಗೋ ಆಡಿಸಿದವರೇ. ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್‌ಗೂ ಬಿಂಗೋ ಹಾಲ್ ಇತ್ತು. ಆ ರಾಜ್ಯದಲ್ಲಿ ಧರ್ಮಾರ್ಥ ಸಂಸ್ಥೆಗಳು ಬಿಂಗೋ ಆಡಿಸೋಕೆ ಕಾನೂನಿನ ಒಪ್ಪಿಗೆ ಇದೆ. ಅಜ್ಜಿಯರು ಸಾಲಾಗಿ ಕೂತು ನಂಬರ್ ಮೇಲೆ ಶಾಯಿ ಮುದ್ರೆ ಒತ್ತುತ್ತಾರೆ. ಆ ದುಡ್ಡಿನಲ್ಲಿ ಇವರು ತುತ್ತೂರಿ ಕೊಳ್ಳುತ್ತಾರೆ. ಸಾಂಟಾ ಕ್ಲಾರಾ ಅಂದರೆ ನಮ್ಮವರು ಕಿಕ್ಕಿರಿದಿರೋ ಊರು ಬೇರೆ.

"ನನ್ನ ತಂಗಿ ಮಗ ಅಲ್ಲೇ ಇರೋದು," ಅಂದರು ರಾಯರು. "ಚಿಪ್ ಕಂಪನಿ. ಒಂದು ದಿನವೂ ಈ ವಿಷಯ ಹೇಳಲಿಲ್ಲ, ಬಡ್ಡೀಮಗ."

"ಆದ್ರೆ ರಾಯರೇ, ಆ ವ್ಯಾನ್‌ಗಾರ್ಡ್ 1967ರಲ್ಲಿ ಶುರುವಾದದ್ದು. ಏಳು ಸಲ ಚಾಂಪಿಯನ್. 2023ರಲ್ಲಿ ಒಂದು ಸೀಸನ್ ಪೂರ್ತಿ ಮನೆಯಲ್ಲೇ ಕೂತಿತು. ದುಡ್ಡಿನ ಲೆಕ್ಕ ಸರಿಮಾಡಿಕೊಂಡು 2024ಕ್ಕೆ ವಾಪಸ್ ಬಂತು."

"ಚಾಂಪಿಯನ್‌ಗೇ ಹೀಗಾ?"

"ವಯೋಮಿಂಗ್‌ನ ಟ್ರೂಪರ್ಸ್ ಅಂತ ಇನ್ನೊಂದು. ಡಿಸಿಐ ಕಟ್ಟಿದವರಲ್ಲೇ ಒಬ್ಬರು. ಹಣದ ತೊಂದರೆಗೆ 2006ರಲ್ಲಿ ಅವರನ್ನೇ ಹೊರಗಿಟ್ಟರು. 2007ರಲ್ಲಿ ಮತ್ತೆ ಬಂದ್ರು."

ಕ್ಯಾಡೆಟ್ಸ್ ವಿಷಯ ಬಂದಾಗ ಮಾತ್ರ ಯಾರೂ ನಗಲಿಲ್ಲ. 1934ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಕೋರ್, ಹತ್ತು ಸಲ ಡಿಸಿಐ ಗೆದ್ದದ್ದು. ಹಿಂದಿನ ಕಾಲದ ಲೈಂಗಿಕ ದೌರ್ಜನ್ಯದ ಆರೋಪದ ಮೇಲೆ ಮೊಕದ್ದಮೆ ಬಂತು. ಅದರ ಖರ್ಚು ತಾಳಲಾಗದೆ 2024ರಲ್ಲಿ ಬಾಗಿಲು ಹಾಕಿತು. "ಮಕ್ಕಳ ಸುರಕ್ಷತೆಗೆ, ವಿಮೆಗೆ ಖರ್ಚು ಅಂತ ಬಿಲ್ಲಿನಲ್ಲಿ ಬರೆದರೆ ನಾನು ಒಂದು ಪೈಸೆಗೂ ಚೌಕಾಸಿ ಮಾಡಲ್ಲ," ಅಂದರು ಅತ್ತಿಗೆ. ರಾಯರೂ ತಲೆಯಾಡಿಸಿದರು.

ಕಾಫಿ ಬಂತು. ರಾಯರಿಗೆ ಮತ್ತೆ ಹುರುಪು ಬಂತು. "ಯಾರಾದ್ರೂ ಸಾಹುಕಾರರನ್ನ ಹಿಡೀಬೇಕು ಸ್ವಾಮಿ. ಅದೊಂದೇ ದಾರಿ."

"ಹಿಡಿದಿದ್ರು ರಾಯರೇ. ನಮ್ಮ ರಾಜ್ಯದಲ್ಲೇ."

ಇಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆ ದಾರಿ, ಬ್ಲೂಮಿಂಗ್‌ಟನ್. ಅಲ್ಲಿ ಬಿಲ್ ಕುಕ್ ಅಂತ ಇದ್ದರು. ಕ್ಯಾತಿಟರ್ ಥರದ ವೈದ್ಯಕೀಯ ಸಾಮಾನು ಮಾಡಿ ಕೋಟ್ಯಧೀಶರಾದವರು. ಅವರು ದುಡ್ಡು ಹಾಕಿ ಕಟ್ಟಿಸಿದ್ದು ಸ್ಟಾರ್ ಆಫ್ ಇಂಡಿಯಾನಾ. 1985ರಲ್ಲಿ ಮೊದಲ ಸಲ ಮೈದಾನಕ್ಕೆ ಇಳಿದು ಅದೇ ವರ್ಷ ಫೈನಲ್ ತಲುಪಿತು. 1991ರಲ್ಲಿ ಚಾಂಪಿಯನ್ ಆಯಿತು. ಬೇರೆ ಕೋರ್‌ನವರಿಗೆ ಹೊಟ್ಟೆ ಉರಿಯದೆ ಇರುತ್ತಾ? 1993ರ ಸೀಸನ್ ಮುಗಿಸಿ ಸ್ಟಾರ್ ಈ ಸ್ಪರ್ಧೆಗೇ ಕೈಮುಗಿಯಿತು. ಅದೇ ತಂಡದಿಂದ ಮುಂದೆ ಬ್ಲಾಸ್ಟ್ ಅನ್ನೋ ರಂಗಪ್ರದರ್ಶನ ಹುಟ್ಟಿತು. ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಕ್ಕೆ ಹೋಯಿತು, 2001ರಲ್ಲಿ ರಂಗಭೂಮಿಯ ಟೋನಿ ಪ್ರಶಸ್ತಿಯನ್ನೂ ಹೊಡೆಯಿತು.

"ಅಲ್ಲಿ ಊದಿದವರಿಗೆ ಸಂಬಳ?"

"ಅಲ್ಲಿ ಸಂಬಳ ಇತ್ತು."

"ನೋಡಿದ್ರಾ! ಸ್ಪರ್ಧೆ ಬಿಟ್ಟಮೇಲೇ ಸಂಬಳ ಬಂದಿದ್ದು," ಅಂತ ರಾಯರು ಟವೆಲ್ ಮೇಲೆ ಎರಡು ಗೆರೆ ಎಳೆದರು.

ಡಿಸಿಐ ಹುಟ್ಟಿದ್ದೂ ದುಡ್ಡಿನ ಜಗಳದಲ್ಲೇ ಅನ್ನಬಹುದು. ಅದಕ್ಕೂ ಮೊದಲು ಸ್ಪರ್ಧೆಗಳ ಯಜಮಾನಿಕೆ ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘಗಳದ್ದು. ಊರಿಂದೂರಿಗೆ ಬರೋದು ನಾವು, ನಿಯಮ ನಿಮ್ಮದು, ದುಡ್ಡಿನ ತೀರ್ಮಾನವೂ ನಿಮ್ಮದು, ಇದ್ಯಾವ ನ್ಯಾಯ ಅಂತ ಕೋರ್‌ಗಳು ಎದ್ದು ನಿಂತವು. ತಾವೇ ಸಂಸ್ಥೆ ಕಟ್ಟಿಕೊಂಡವು. ದಶಕಗಳು ಕಳೆದು 2010ರಲ್ಲಿ ಏಳು ದೊಡ್ಡ ಕೋರ್‌ಗಳು ಸೇರಿ, ಜನ ಬರೋದು ನಮ್ಮನ್ನು ನೋಡೋಕೆ, ನಮಗೆ ಹೆಚ್ಚು ಪಾಲು ಕೊಡಿ ಅಂದವು. ಸಣ್ಣ ಕೋರ್‌ಗಳು ಬೆಂಕಿಯಾದವು. ಎಪ್ಪತ್ತರ ದಶಕದಲ್ಲಿ ನೂರಾರು ಇದ್ದ ಕೋರ್‌ಗಳು ಈಗ ಕೆಲವೇ ಡಜನ್ ಉಳಿದಿವೆ. ಅವುಗಳಲ್ಲೇ ಈ ಜಗಳ.

ನನ್ನ ಪ್ರಕಾರ ಡೀಸೆಲ್ಲು, ಅನ್ನ ಇವೆಲ್ಲ ದೊಡ್ಡ ಸಮಸ್ಯೆ ಅಲ್ಲ. ಅವು ಇರಲೇಬೇಕಾದ ಖರ್ಚು. ಸಮಸ್ಯೆ ಇರೋದು ಪೈಪೋಟಿಯಲ್ಲಿ. ಹಿಂದೆ ಒಂದು ಯೂನಿಫಾರಂ ಹೊಲಿಸಿದರೆ ವರ್ಷಗಟ್ಟಲೆ ಬರುತ್ತಿತ್ತು. ಅಣ್ಣ ಬಿಟ್ಟದ್ದನ್ನು ತಮ್ಮ ತೊಡುತ್ತಿದ್ದ. ಈಗ ದೊಡ್ಡ ಕೋರ್‌ಗಳಲ್ಲಿ ಪ್ರತಿ ವರ್ಷ ಹೊಸ ವೇಷ, ಕಥೆಗೆ ತಕ್ಕ ಹಾಗೆ. ಮೈದಾನದ ಮೇಲೆ ಏಣಿ, ಮೆಟ್ಟಿಲು, ಇಳಿಜಾರು ವೇದಿಕೆ. ಅವನ್ನು ಹೊರೋಕೆ ಇನ್ನೊಂದು ಟ್ರಕ್ಕು. 2004ರಲ್ಲಿ ಮೈಕಿಗೆ ಅನುಮತಿ ಸಿಕ್ಕಿತು, 2009ರಲ್ಲಿ ಸಿಂಥಸೈಜರ್‌ಗೆ. ಅಲ್ಲಿಂದ ಸ್ಪೀಕರ್, ಮಿಕ್ಸರ್, ವೈರು, ಅದಕ್ಕೊಬ್ಬ ಸೌಂಡ್ ಎಂಜಿನಿಯರ್. ನಿಯಮ ಬದಲಿಸಿದವರೂ ಕೋರ್‌ಗಳೇ, ಆಮೇಲೆ ಖರ್ಚು ಜಾಸ್ತಿ ಅಂತ ಗೋಳಾಡುವವರೂ ಅವರೇ. ಪಕ್ಕದ ಕೋರ್ ಮೆಟ್ಟಿಲು ತಂದರೆ ಇವರು ಮಹಡಿ ತರಬೇಕು. ಇದನ್ನು ಹೇಳಿದ್ದಕ್ಕೆ ಸ್ವಾಮಿ ನನ್ನ ಮೇಲೆ ಮುನಿಸಿಕೊಂಡ.

"ಹಂಗಾದ್ರೆ ಬರೀ ನಿಂತು ಊದಬೇಕಾ? ಯಾರು ನೋಡ್ತಾರೆ? ಜಡ್ಜ್ ಮಾರ್ಕ್ಸ್ ಕೊಡ್ತಾನಾ?"

"ನಾನು ನೋಡ್ತೀನಿ ಕಣೋ."

"ನೀನು ಫೈನಲ್‌ಗೆ ಟಿಕೆಟ್ ತಗೊಂಡಿದೀಯಾ?"

ಈ ಪ್ರಶ್ನೆ ಅನಗತ್ಯವಾಗಿತ್ತು.

ಹಾಡಿನ ಹಕ್ಕುಸ್ವಾಮ್ಯಕ್ಕೆ ಕೊಡುವ ದುಡ್ಡು ಕೇಳಿ ರಾಯರು ಎರಡನೇ ಸಲ ಸುಸ್ತಾದರು. ಬೇರೆಯವರ ಸಂಗೀತವನ್ನು ತುತ್ತೂರಿಗೆ ಹೊಂದಿಸೋಕೆ ಅನುಮತಿ ಬೇಕು, ಅದಕ್ಕೆ ಹಣ. ಅದನ್ನೇ ವಿಡಿಯೋ ಮಾಡಿ ಮಾರಬೇಕಾದರೆ ಬೇರೆಯೇ ಅನುಮತಿ. ಅದು ಸಿಗದೆ ಕೆಲವು ವಿಡಿಯೋಗಳಲ್ಲಿ ನಡುವೆ ಸದ್ದೇ ಇಲ್ಲ. ಹುಡುಗರು ಕೆನ್ನೆ ಉಬ್ಬಿಸಿ ಊದುತ್ತಿರುತ್ತಾರೆ, ಕೇಳೋದು ಮಾತ್ರ ಏನೂ ಇಲ್ಲ.

"ವಾದ್ಯಗಳಾದ್ರೂ ಸ್ವಂತದ್ದಾ?"

"ಕಂಪನಿಯವರು ಕಡಿಮೆ ಬೆಲೆಗೆ ಕೊಡ್ತಾರೆ, ಪ್ರಚಾರ ಆಗುತ್ತಲ್ಲ. ಸೀಸನ್ ಮುಗಿದಮೇಲೆ ಎಷ್ಟೋ ಕೋರ್‌ಗಳು ಅವನ್ನ ಸ್ಕೂಲುಗಳಿಗೆ ಮಾರಿಬಿಡ್ತವೆ."

"ಇದೊಂದು ಬುದ್ಧಿವಂತಿಕೆ ಕೆಲಸ." ಅಂದಿನ ಸಂಜೆ ರಾಯರು ಮೆಚ್ಚಿಕೊಂಡ ಏಕೈಕ ಬಾಬ್ತು ಇದು.

ಆಮೇಲೆ ತೀರ್ಪು ಕೊಟ್ಟರು. "ಭದ್ರತೆ ಇಲ್ಲ. ಆದಾಯ ಖಾತ್ರಿ ಇಲ್ಲ. ಗಿರಾಕಿಗೆ ಇಪ್ಪತ್ತೆರಡು ತುಂಬುತ್ತಲೇ ನೀವೇ ಹೊರಗೆ ಕಳಿಸ್ತೀರಿ. 2020ರಲ್ಲಿ ಕೋವಿಡ್ ಬಂದು ಇಡೀ ಸೀಸನ್ನೇ ರದ್ದಾಯ್ತು ಅಂತೀರಿ. ನನ್ನ ಟೇಬಲ್‌ಗೆ ಈ ಫೈಲ್ ಬಂದಿದ್ರೆ ಸಾಯಂಕಾಲದೊಳಗೆ ವಾಪಸ್ ಹೋಗ್ತಿತ್ತು."

"ಹುಡುಗನನ್ನ ಒಂದು ಸಲ ನೋಡ್ಬೇಕು ರಾಯರೇ," ಅಂದರು ಅತ್ತಿಗೆ. "ಮನೇಲಿ ನೀರಿನ ಲೋಟ ಎತ್ತಿಡಲ್ಲ. ಅಲ್ಲಿ ರಾತ್ರಿ ಹನ್ನೆರಡಕ್ಕೆ ಟ್ರಕ್ ಲೋಡ್ ಮಾಡ್ತಾನೆ, ಬೆಳಗ್ಗೆ ತನ್ನ ಗಾಳಿ ಹಾಸಿಗೆ ತಾನೇ ಮಡಚಿ ಇಡ್ತಾನೆ. ಐದು ಸಾವಿರ ಅದಕ್ಕೇ ಅಂದ್ಕೊಂಡಿದೀನಿ."

"ಹಾಸಿಗೆ ಮಡಚೋಕೆ ಐದು ಸಾವಿರ!"

ಅತ್ತಿಗೆ ಉತ್ತರ ಕೊಡದೆ ಒಳಗೆ ಹೋದರು. ದೊಡ್ಡ ರಟ್ಟಿನ ಪೆಟ್ಟಿಗೆ ತಂದು ಸೋಫಾ ಮೇಲೆ ಇಟ್ಟರು. ಕೋರ್‌ನ ಟೀ ಶರ್ಟುಗಳು. ಪ್ರತಿ ಮನೆಯವರೂ ಇಷ್ಟು ಮಾರಿಕೊಡಬೇಕಂತೆ. "ಮೂವತ್ತೈದು ಡಾಲರ್ ರಾಯರೇ. ನಿಮಗೆ ನೀಲಿ ಒಪ್ಪುತ್ತೆ."

ರಾಯರು ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಹಿಡಿದರು. ಹೊಲಿಗೆ ನೋಡಿದರು. ಲೇಬಲ್ ಓದಿದರು.

"ಎರಡು ತಗೊಂಡ್ರೆ ಎಷ್ಟಕ್ಕೆ ಕೊಡ್ತೀರಮ್ಮಾ?"

"ಎಪ್ಪತ್ತು."