ಲೈನ್ ಮನೆಗೆ ಬಂದ ಡಾಕರ್

"ಡಾಕರ್ ಹಾಕಿದ್ದಾಯ್ತು. ಐದೇ ನಿಮಿಷ!" ಎಂದ ಪುಟ್ಟ. ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಗೂಡುಗಳಲ್ಲಿಟ್ಟು ಓಡಿಸುವ ಸಾಫ್ಟ್‌ವೇರ್ ಈ ಡಾಕರ್. ತೋಟದ ಆಫೀಸಿನ ಸರ್ವರ್ ನೋಡಿಕೊಳ್ಳುವವನು ಅವನೇ. ಹಾಜರಿ, ಕುಯ್ಲಿನ ತೂಕ, ಬಟವಾಡೆ ಎಲ್ಲ ಅದರಲ್ಲೇ ಇದೆ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಹೋಟೆಲಿನಲ್ಲಿ ಕೂತಿದ್ದೆವು. ಹೊರಗೆ ಮಳೆ, ಯಾರಿಗೂ ಏಳುವ ಮನಸ್ಸಿಲ್ಲ.

"ಏನು ಹಾಕಿದೆಯೋ ಮಾರಾಯ? ಬರೀ ಆಪ್ಟ್ ಇನ್‌ಸ್ಟಾಲ್ ಡಾಕರ್ ಅಂತ ಹೊಡೆದೆಯಾ?" ಮೇಷ್ಟ್ರು ಕೇಳಿದರು. ಅವರು ಪಾಠದಿಂದ ನಿವೃತ್ತರಾಗಿದ್ದಾರೆ, ಪ್ರಶ್ನೆಯಿಂದ ಆಗಿಲ್ಲ.

"ನಾನೇನು ಅಷ್ಟು ದಡ್ಡನಾ?"

ದಡ್ಡತನದ ಮಾತಲ್ಲ ಅದು. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ, ಆಪ್ಟ್ ತಂದುಕೊಡುವ ಪ್ರೋಗ್ರಾಂಗಳ ಪಟ್ಟಿಯಲ್ಲಿ, ಡಾಕರ್ ಎಂಬ ಹೆಸರನ್ನು ಬೇರೊಂದು ಪುಟಾಣಿ ಪ್ರೋಗ್ರಾಂ ಮೊದಲೇ ಹಿಡಿದು ಕೂತಿತ್ತು. ಪರದೆಯ ಮೂಲೆಯಲ್ಲಿ ಐಕಾನ್ ಕೂರಿಸುವುದು ಅದರ ಕೆಲಸ. ಹಾಗಾಗಿ ಅಸಲಿ ಡಾಕರ್, ಡಾಕರ್ ಡಾಟ್ ಐಓ ಎಂಬ ಹೆಸರಿನಲ್ಲಿ ಸೇರಿತು. ಡಾಕರ್ ಕಂಪನಿಯವರ ರೆಪೊಸಿಟರಿಯಿಂದಲೇ, ಅಂದರೆ ಅವರದೇ ಸಾಫ್ಟ್‌ವೇರ್ ಉಗ್ರಾಣದಿಂದ, ತಂದರೆ ಅದರ ಹೆಸರು ಡಾಕರ್-ಸಿಇ. ಪುಟ್ಟ ತಂದಿದ್ದು ಇದನ್ನು.

"ಈ ಕಂಟೇನರ್ ಅಂದರೆ ಏನು ಅಂತ ನನಗೂ ಹೇಳಪ್ಪ," ಎಂದರು ತೋಟದ ಲೆಕ್ಕ ಬರೆಯುವ ರೈಟ್ರು.

"ನಮ್ಮ ತೋಟದ ಆಳುಗಳ ಲೈನ್ ಮನೆ ಇದ್ದ ಹಾಗೆ ರೈಟ್ರೇ. ಪ್ರತಿ ಮನೆಗೂ ಬೇರೆ ಬಾಗಿಲು, ಬೇರೆ ಒಲೆ. ಸೂರು ಮಾತ್ರ ಒಂದೇ, ಅದು ಲಿನಕ್ಸ್ ಕರ್ನಲ್, ಅಂದರೆ ಸಿಸ್ಟಮ್ಮಿನ ತಿರುಳು. ಒಬ್ಬೊಬ್ಬರಿಗೂ ಒಂದೊಂದು ಬಂಗಲೆ ಕಟ್ಟಿಸಿದರೆ ಅದು ವರ್ಚುವಲ್ ಮಷಿನ್."

"ಒಂದೇ ಮನೆಯವರು ತೊಟ್ಟಿಯ ನೀರೆಲ್ಲ ಖಾಲಿ ಮಾಡಿದರೆ?"

"ಅದಕ್ಕೇ ಸಿಗ್ರೂಪ್ ಇರುವುದು. ಯಾರಿಗೆ ಎಷ್ಟು ಮೆಮೊರಿ, ಎಷ್ಟು ಸಿಪಿಯು ಅಂತ ಮಿತಿ ಹಾಕಬಹುದು."

"ಹಾಕಿದ್ದೀಯಾ?"

ಪುಟ್ಟ ಇನ್ನೊಂದು ಕಾಫಿ ಹೇಳಿದ. ನಾವಾಗಿ ಹಾಕದಿದ್ದರೆ ಡಾಕರ್ ಯಾವ ಮಿತಿಯನ್ನೂ ಹಾಕುವುದಿಲ್ಲ.

"ಸಿಗ್ರೂಪ್ 2008ರಲ್ಲೇ ಕರ್ನಲ್‌ಗೆ ಸೇರಿತ್ತು. ಡಾಕರ್ ಬಂದಿದ್ದು 2013ಕ್ಕೆ," ಎಂದು ಮೇಷ್ಟ್ರು ಪಾಠ ಶುರು ಮಾಡುವಷ್ಟರಲ್ಲಿ ಪುಟ್ಟ ಮಾತು ತಿರುಗಿಸಿದ. "ಡಾಕರ್ ಮುಟ್ಟಲು ಪ್ರತಿ ಸಲ ಸುಡೋ ಹೊಡೆದು ಅಧಿಕಾರ ಪಡೆದು ಸಾಕಾಯ್ತು. ಆಫೀಸಿನ ಹುಡುಗರನ್ನೆಲ್ಲ ಡಾಕರ್ ಗ್ರೂಪಿಗೆ ಸೇರಿಸಿಬಿಟ್ಟೆ."

ಮೇಷ್ಟ್ರು ಲೋಟ ಕೆಳಗಿಟ್ಟರು. "ಎಲ್ಲರಿಗೂ ರೂಟ್, ಅಂದರೆ ಸರ್ವರಿನ ಪೂರ್ತಿ ಯಜಮಾನಿಕೆ, ಕೊಟ್ಟ ಹಾಗಾಯ್ತಲ್ಲೋ! ಆ ಗ್ರೂಪಿನಲ್ಲಿರುವವನು ಸರ್ವರಿನ ಇಡೀ ಡಿಸ್ಕನ್ನು ಒಂದು ಕಂಟೇನರಿಗೆ ಮೌಂಟ್ ಮಾಡಿ, ಅಂದರೆ ಜೋಡಿಸಿ, ಏನು ಬೇಕಾದರೂ ತಿದ್ದಬಹುದು."

"ಬಟವಾಡೆಯನ್ನೂ?" ರೈಟ್ರ ಕಣ್ಣು ಅರಳಿತು.

"ಬಟವಾಡೆಯನ್ನೂ."

"ಪುಟ್ಟಾ, ನನ್ನ ಹೆಸರನ್ನೂ ಸೇರಿಸಿಬಿಡು."

ನಗು ನಿಂತ ಮೇಲೆ ಪುಟ್ಟ ಸಮರ್ಥನೆಗೆ ಇಳಿದ. ಹೊರಗಿನವರನ್ನು ತಡೆಯುವ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಇದೆ, ಡೇಟಾಬೇಸಿನ ಬಾಗಿಲಾದ 5432 ಪೋರ್ಟ್ ಬಂದ್ ಮಾಡಿದ್ದೇನೆ, ಹೊರಗಿನವರು ಬರುವ ಹಾಗೇ ಇಲ್ಲ ಅಂದ. ಇಲ್ಲೇ ಇರುವುದು ನಿಜವಾದ ತಮಾಷೆ. ಕಂಟೇನರಿನ ಪೋರ್ಟನ್ನು ಹೊರಗೆ ತೆರೆದರೆ ಡಾಕರ್ ತಾನೇ ಐಪಿಟೇಬಲ್ಸ್ ಎಂಬ ಲಿನಕ್ಸ್‌ನ ಫೈರ್‌ವಾಲ್ ಪಟ್ಟಿಯಲ್ಲಿ ನಿಯಮ ಬರೆದುಕೊಳ್ಳುತ್ತದೆ. ಹೊರಗಿನಿಂದ ಬಂದ ಪ್ಯಾಕೆಟ್, ಅಂದರೆ ಡೇಟಾದ ಕಟ್ಟು, ಯುಎಫ್‌ಡಬ್ಲ್ಯೂ ಕಾಯುವ ಜಾಗಕ್ಕೆ ಹೋಗುವ ಮೊದಲೇ ಕಂಟೇನರಿನ ಕಡೆ ತಿರುಗಿಬಿಡುತ್ತದೆ. ಯುಎಫ್‌ಡಬ್ಲ್ಯೂ ಸ್ಟೇಟಸ್ ಕೇಳಿದರೆ ಬಂದ್ ಅಂತಲೇ ತೋರಿಸುತ್ತದೆ. ನನಗಂತೂ ಇದು ಡಾಕರ್‌ನ ಅಧಿಕಪ್ರಸಂಗ ಅನಿಸುತ್ತದೆ.

"ಗೇಟಿನಲ್ಲಿ ವಾಚ್‌ಮನ್ ನಿಂತಿದ್ದಾನೆ, ಲೈನ್ ಮನೆಯವರು ಹಿಂದಿನ ಬೇಲಿ ಕಿತ್ತು ದಾರಿ ಮಾಡಿಕೊಂಡಿದ್ದಾರೆ," ಎಂದರು ರೈಟ್ರು. ಕಂಪ್ಯೂಟರ್ ಮುಟ್ಟದ ಮನುಷ್ಯ ಇಷ್ಟು ಸರಿಯಾಗಿ ಹೇಳಿದ್ದು ಪುಟ್ಟನಿಗೆ ಸಹಿಸಲಾಗಲಿಲ್ಲ.

"ಪೋರ್ಟ್ ನಂಬರಿನ ಮುಂದೆ 127.0.0.1 ಸೇರಿಸು, ಅದು ಮಷಿನ್ ತನ್ನನ್ನೇ ಕರೆದುಕೊಳ್ಳುವ ವಿಳಾಸ. ಆಗ ಆ ಮಷಿನ್ ಒಳಗಿನಿಂದ ಮಾತ್ರ ಸಿಗುತ್ತದೆ," ಎಂದರು ಮೇಷ್ಟ್ರು. "ಲೆಕ್ಕವನ್ನೆಲ್ಲ ಕಂಟೇನರಿನ ಹೊರಗೆ ಉಳಿಯುವ ವಾಲ್ಯೂಮ್‌ನಲ್ಲಿ ಇಟ್ಟಿದ್ದೀಯಾ? ಕಂಟೇನರ್ ಒಳಗೇ ಬರೆದಿದ್ದರೆ, ಅದನ್ನು ಅಳಿಸಿದ ದಿನ ಲೆಕ್ಕವೂ ಹೋಯ್ತು."

"ಇಟ್ಟಿದ್ದೇನೆ ಮೇಷ್ಟ್ರೇ, ಅದೊಂದು ಇಟ್ಟಿದ್ದೇನೆ!"

ಅಷ್ಟರಲ್ಲಿ ಕರೆಂಟ್ ಹೋಯಿತು. ಮಲೆನಾಡಿನ ಮಳೆಗಾಲ, ಹೋಗದಿದ್ದರೆ ಆಶ್ಚರ್ಯ.

"ಆಫೀಸಿನಲ್ಲಿ ಯುಪಿಎಸ್ ಇದೆ ತಾನೇ?"

"ಇದೆ. ಸ್ವಲ್ಪ ಹೊತ್ತು ಬರುತ್ತದೆ."

"ಆಮೇಲೆ ಕರೆಂಟ್ ಬಂದಾಗ ಈ ಕಂಟೇನರ್‌ಗಳು ತಾವಾಗೇ ಏಳುತ್ತವಾ?" ರೈಟ್ರು ಕೇಳಿದರು.

"ರೀಸ್ಟಾರ್ಟ್ ಪಾಲಿಸಿ ಅಂತ ಒಂದಿದೆ. ಮೊದಲೇ ಹೇಳಿಟ್ಟಿದ್ದರೆ ಏಳುತ್ತವೆ."

"ಹೇಳಿಟ್ಟಿದ್ದೀಯಾ?"

ಪುಟ್ಟ ಕತ್ತಲಲ್ಲಿ ಬೈಕಿನ ಕೀ ತಡಕಾಡತೊಡಗಿದ.